ಗಾಯ ಮಾಗುವ ಕಾಲ, ಕುಡಿತ ತಗ್ಗಿಸುವ ಕಾಲ



ಕಾಲು ಮುರಿದು ಆಸ್ಪತ್ರೆ ಸೇರಿದವನನ್ನು ನೋಡಲು ಬಂಧುಬಳಗದವರೆಲ್ಲ ಬರುತ್ತಾರೆ. ಎಳನೀರು, ಹಣ್ಣು, ಬ್ರೆಡ್ಡು ತರುತ್ತಾರೆ. ಎಲ್ಲಿ ಬಿದ್ದೆ, ಎಷ್ಟು ಹೊಲಿಗೆ ಹಾಕಿದರು, ಒಳಗೆ ರಾಡು ಕೂಡಿಸಿದರೋ ಪ್ಲೇಟು ಕೂಡಿಸಿದರೋ, ಖರ್ಚೆಷ್ಟಾಯಿತು ಎಂದು ವಿಚಾರಿಸುತ್ತಾರೆ. ಬಿದ್ದ ದಿನ ಕುಡಿದಿದ್ದನೇ ಎಂಬ ಪ್ರಶ್ನೆಯನ್ನು ಮಾತ್ರ ಹಾಸಿಗೆಯ ಬಳಿ ಯಾರೂ ಎತ್ತುವುದಿಲ್ಲ. ಹೊರಗೆ ವರಾಂಡದಲ್ಲಿ ಎಲ್ಲರೂ ಅದನ್ನೇ ಮಾತನಾಡುತ್ತಾರೆ. ಹತ್ತು ಹನ್ನೆರಡು ದಿನಗಳಲ್ಲಿ ಹೊಲಿಗೆ ಬಿಚ್ಚಿಸಿಕೊಂಡು ಆತ ಮನೆಗೆ ಮರಳುತ್ತಾನೆ. ಮೂಳೆಗೆ ಚಿಕಿತ್ಸೆಯಾಯಿತು, ಚರ್ಮಕ್ಕೆ ಚಿಕಿತ್ಸೆಯಾಯಿತು. ಮೂಳೆ ಮುರಿಯಲು ಕಾರಣವಾದುದಕ್ಕೆ ಮಾತ್ರ ಚಿಕಿತ್ಸೆಯಾಗಲಿಲ್ಲ.

ನಾಲ್ಕು ದಶಕಗಳ ಸಮೀಪದ ವೈದ್ಯವೃತ್ತಿಯಲ್ಲಿ ಒಂದೇ ಮನುಷ್ಯನನ್ನು ಎರಡನೆಯ ಸಲ, ಮೂರನೆಯ ಸಲ ಗಾಯಗೊಂಡು ಬಂದಾಗ ಕಂಡಿದ್ದೇನೆ. ಮೊದಲು ಮುಂಗೈ, ಆಮೇಲೆ ಕಣಕಾಲು, ಕೊನೆಗೆ ತಲೆ. ಮೊದಲ ಗಾಯದ ಹೊತ್ತಿಗೇ ಯಾರಾದರೂ ಅವನೊಂದಿಗೆ ಅರ್ಧ ಗಂಟೆ ಸಮಾಧಾನದಿಂದ ಕುಳಿತು ಮಾತನಾಡಿದ್ದರೆ ಉಳಿದ ಎರಡು ಗಾಯಗಳು ತಪ್ಪುವ ಸಾಧ್ಯತೆ ಇತ್ತು. ಅಂತಹ ಮಾತು ಕೇವಲ ಉಪದೇಶವಲ್ಲ, ಅದೊಂದು ಚಿಕಿತ್ಸೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಪಾಯಕರ ಕುಡಿತ ಎಂದರೇನು?

'ನಮ್ಮವನು ಕುಡುಕನಲ್ಲ, ಆಗೊಮ್ಮೆ ಈಗೊಮ್ಮೆ ಅಷ್ಟೆ' ಎಂಬ ಮಾತನ್ನು ಮನೆಯವರು ಹೇಳುತ್ತಾರೆ. ಆ ಮಾತು ಸುಳ್ಳಲ್ಲದೆಯೂ ಇರಬಹುದು. ಆದರೆ ಅಪಾಯಕ್ಕೆ ಒಳಗಾಗಲು ಕುಡುಕನೇ ಆಗಬೇಕೆಂದಿಲ್ಲ. ದಿನವೂ ಕುಡಿಯದಿದ್ದರೂ ಕುಡಿದ ದಿನ ಮಿತಿಮೀರುವವನು, ಕುಡಿದು ಬೈಕು ಏರುವವನು, ಕುಡಿದು ಪಂಪ್‌ಸೆಟ್ಟಿನ ಸ್ವಿಚ್ಚಿಗೆ ಕೈಹಾಕುವವನು, ಕುಡಿದು ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕೂರುವವನು ಇವರೆಲ್ಲ ಅಪಾಯಕರ ಕುಡಿತದವರೇ. ರಾತ್ರಿ ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡ ಅರವತ್ತೈದರ ಹಿರಿಯರ ವಿಷಯದಲ್ಲಿಯೂ ಸಂಜೆಯ ಒಂದೆರಡು ಪೆಗ್ಗುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಲೆಕ್ಕವನ್ನು ಹೀಗೆ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಅಂತಹ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ದೇಹ ಸೇರುತ್ತದೆ. ಇದನ್ನು ಒಂದು ಅಳತೆ ಎನ್ನೋಣ. 'ನೈಂಟಿ' ಎಂದರೆ ಮೂರು ಅಳತೆ, 'ಕ್ವಾರ್ಟರ್' ಎಂದರೆ ಆರು ಅಳತೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರಿನ ಒಂದು ಬಾಟಲಿ ನಾಲ್ಕು ಅಳತೆಗೆ ಸಮ. 'ನಾನು ಬಿಯರು ಮಾತ್ರ' ಎನ್ನುವವರು ಇದನ್ನು ಗಮನಿಸಬೇಕು. ಆರೋಗ್ಯವಂತ ಯಕೃತ್ತು ಒಂದು ಅಳತೆಯನ್ನು ಕರಗಿಸಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ ನಸುಕಿನ ಐದು ಗಂಟೆಗೂ ಮದ್ಯ ಉಳಿದಿರಬಹುದು. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಈ ವೇಳೆಯನ್ನು ಕಡಿಮೆ ಮಾಡಲಾರದು. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರ ಇಟ್ಟುಕೊಂಡು ವಾಹನ ನಡೆಸುವುದು ಅಪರಾಧ.

ಕುಡಿತದ ಅಪಾಯವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ರೂಪಿಸಿದೆ. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಂತದಲ್ಲಿದೆ. 20 ದಾಟಿದರೆ ದೇಹ ಮದ್ಯಕ್ಕೆ ಅಡಿಯಾಳಾಗಿರುವ ಸಂಭವವಿದೆ, ತಜ್ಞರ ತಪಾಸಣೆ ಬೇಕು. ಅದರ ಮೊದಲ ಮೂರು ಪ್ರಶ್ನೆಗಳನ್ನು ಯಾರಾದರೂ ತಮಗೆ ತಾವೇ ಕೇಳಿಕೊಳ್ಳಬಹುದು: ಎಷ್ಟು ದಿನಕ್ಕೊಮ್ಮೆ ಕುಡಿಯುತ್ತೇನೆ? ಕುಡಿಯುವ ದಿನ ಎಷ್ಟು ಅಳತೆ? ಒಂದೇ ಸಲಕ್ಕೆ ಆರು ಅಳತೆ ಅಥವಾ ಅದಕ್ಕೂ ಹೆಚ್ಚು ಎಷ್ಟು ಸಲ ಆಗುತ್ತದೆ? ಈ ಮೂರಕ್ಕೆ ಪ್ರಾಮಾಣಿಕ ಉತ್ತರ ಬರೆದಿಟ್ಟರೆ ಅರ್ಧ ರೋಗನಿದಾನ ಮುಗಿದಂತೆಯೇ.

ಆಸ್ಪತ್ರೆಯ ಮೊದಲ ಮೂರು ದಿನಗಳು

ಇಲ್ಲಿ ಮನೆಯವರಿಗೆ ಒಂದು ಮುಖ್ಯ ಎಚ್ಚರಿಕೆ. ಗಾಯಾಳು ದಿನನಿತ್ಯ ಕುಡಿಯುವವನಾಗಿದ್ದರೆ ಆ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು. ಪೊಲೀಸು ಕೇಸಾದೀತು, ವಿಮೆ ಸಿಗದಿದ್ದೀತು, ಮಾನ ಹೋದೀತು ಎಂಬ ಅಂಜಿಕೆಯಿಂದ 'ಕುಡಿಯುವುದೇ ಇಲ್ಲ' ಎಂದು ಬರೆಸುವವರು ಬಹಳ. ಅರಿವಳಿಕೆ ಕೊಡುವ ವೈದ್ಯರಿಗೆ ಈ ಮಾಹಿತಿ ಅತ್ಯಗತ್ಯ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ.

ವರ್ಷಗಟ್ಟಲೆ ನಿತ್ಯ ಕುಡಿದವನ ಮಿದುಳು ಮದ್ಯದೊಂದಿಗೆ ಹೊಂದಿಕೊಂಡಿರುತ್ತದೆ. ಆಸ್ಪತ್ರೆ ಸೇರಿದೊಡನೆ ಅದು ಥಟ್ಟನೆ ನಿಲ್ಲುತ್ತದೆ. ಆರು ಗಂಟೆಗಳಾಗುತ್ತಿದ್ದಂತೆ ಕೈನಡುಕ, ಬೆವರು, ಓಕರಿಕೆ, ಚಡಪಡಿಕೆ ಆರಂಭವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆಯೊಂದಿಗೆ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರು ಹಗಲು ರಾತ್ರಿ ತಿಳಿಯದೆ ಬಡಬಡಿಸುತ್ತಾರೆ, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತಾರೆ, ಸಲೈನಿನ ನಳಿಕೆಯನ್ನು ಕಿತ್ತೆಸೆದು ಎದ್ದು ಓಡಲು ನೋಡುತ್ತಾರೆ. ಮನೆಯವರು ಇದನ್ನು 'ಗಾಳಿ ಸೋಕಿದೆ' ಎಂದೋ, ತಲೆಗೆ ಪೆಟ್ಟು ಬಿದ್ದು ಹೀಗಾಗಿದೆ ಎಂದೋ ತಿಳಿದು ತಾಯಿತ ಕಟ್ಟಿಸಲು ಓಡುತ್ತಾರೆ. ಇದು ಗಾಳಿಯಲ್ಲ, ಮದ್ಯ ಹಠಾತ್ತನೆ ನಿಂತುದರ ಪರಿಣಾಮ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೆ ಎರವಾಗುವ ಸ್ಥಿತಿ. ಮೊದಲೇ ತಿಳಿದಿದ್ದರೆ ಮಿದುಳನ್ನು ಶಾಂತಗೊಳಿಸುವ ಔಷಧ ಹಾಗೂ ಬಿ1 ಜೀವಸತ್ವದ ಚುಚ್ಚುಮದ್ದಿನಿಂದ ವೈದ್ಯರು ಇದನ್ನು ಬಹುಮಟ್ಟಿಗೆ ತಡೆಯಬಲ್ಲರು.

ಈ ಕಾರಣದಿಂದಲೇ ಮುಂಜಾನೆ ಎದ್ದೊಡನೆ ಕುಡಿಯದೆ ಕೈ ನಿಲ್ಲದವನನ್ನು, ಹಿಂದೆ ಕುಡಿತ ಬಿಟ್ಟಾಗ ಸೆಳೆತ ಬಂದವನನ್ನು ಮನೆಯಲ್ಲಿ ಕೋಣೆಗೆ ಕೂಡಿಹಾಕಿ ಕುಡಿತ ಬಿಡಿಸುವ ಸಾಹಸ ಸಲ್ಲದು. ಅದು ಆಸ್ಪತ್ರೆಯಲ್ಲಿ ನಡೆಯಬೇಕಾದ ಕೆಲಸ. ಆಯುರ್ವೇದ ವೈದ್ಯನಾಗಿ ನಾನೂ ಇಂತಹವರನ್ನು ಮೊದಲು ಆಸ್ಪತ್ರೆಗೇ ಕಳುಹಿಸುತ್ತೇನೆ.

ಗಾಯಕ್ಕೂ ಮದ್ಯಕ್ಕೂ ಏಕೆ ಹೊಂದದು?

'ನೋವಿಗೆ ಸ್ವಲ್ಪ ತಗೊಂಡರೆ ಒಳ್ಳೆಯದು' ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಚಾಲ್ತಿಯಲ್ಲಿದೆ. ಶಸ್ತ್ರವೈದ್ಯದ ಪಿತಾಮಹರಾದ ಸುಶ್ರುತಾಚಾರ್ಯರು ಇದಕ್ಕೆ ಸಂಪೂರ್ಣ ವಿರುದ್ಧವಾಗಿ ಹೇಳಿದ್ದಾರೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 19ನೆಯ ಅಧ್ಯಾಯವು ಗಾಯಾಳುವಿನ ಆರೈಕೆಗೇ ಮೀಸಲು. ಅಲ್ಲಿ ಸುರೆ, ಸೀಧು, ಮೈರೇಯ, ಆಸವ, ಅರಿಷ್ಟ ಮೊದಲಾದ ಎಲ್ಲ ಬಗೆಯ ಮದ್ಯವನ್ನೂ ಗಾಯಾಳು ವರ್ಜಿಸಬೇಕೆಂದು ಸ್ಪಷ್ಟವಾಗಿ ವಿಧಿಸಲಾಗಿದೆ. ಮದ್ಯವು ಅಮ್ಲ, ರೂಕ್ಷ, ತೀಕ್ಷ್ಣ, ಉಷ್ಣ ಗುಣಗಳದು, ಆದುದರಿಂದ ಗಾಯವನ್ನು ಕೆಡಿಸುತ್ತದೆ ಎಂಬುದು ಅದರ ಕಾರಣ. ಮೂಳೆಮುರಿತದ ಚಿಕಿತ್ಸೆಯ ಅಧ್ಯಾಯದಲ್ಲಿ ಅವರು ಇನ್ನೊಂದು ಮಾತನ್ನು ಸೇರಿಸುತ್ತಾರೆ: ಕಡಿಮೆ ಉಣ್ಣುವವನ ಮತ್ತು ಮನಸ್ಸಿನ ಮೇಲೆ ಹಿಡಿತವಿಲ್ಲದವನ ಮುರಿದ ಮೂಳೆ ಕಷ್ಟದಿಂದ ಕೂಡುತ್ತದೆ. ಕುಡಿದು ಉಣ್ಣದೆ ಮಲಗುವವನಲ್ಲಿ ಈ ಎರಡೂ ಕೂಡಿರುತ್ತವೆ.

ಇಂದಿನ ವೈದ್ಯವಿಜ್ಞಾನದ ಮಾತೂ ಇದಕ್ಕೆ ಹೊಂದುತ್ತದೆ. ಹೊಸ ಮೂಳೆಯನ್ನು ಕಟ್ಟುವ ಜೀವಕೋಶಗಳ ಕೆಲಸಕ್ಕೆ ಅತಿಯಾದ ಮದ್ಯ ಅಡ್ಡಿಯಾಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿ ಗಾಯ ಕೀವಾಗುವ ಸಂಭವ ಹೆಚ್ಚುತ್ತದೆ. ಊರುಗೋಲು ಹಿಡಿದು ನಡೆಯುವವನು ಕುಡಿದರೆ ಮತ್ತೆ ಬಿದ್ದು, ಕೂಡಿದ ಮೂಳೆ ಪುನಃ ಮುರಿಯುತ್ತದೆ.

ಔಷಧಗಳೊಡನೆ ಮದ್ಯ ಸೇರಿದಾಗ ಅಪಾಯ ಇನ್ನೂ ಹತ್ತಿರ ಬರುತ್ತದೆ. ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಯೊಂದಿಗೆ ಮದ್ಯ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಟ್ರಮಡಾಲ್ ಅಥವಾ ನಿದ್ರೆಯ ಮಾತ್ರೆಯೊಂದಿಗೆ ಸೇರಿದರೆ ಉಸಿರಾಟವೇ ಮಂದವಾಗಬಹುದು. ನಿತ್ಯ ಹೆಚ್ಚು ಕುಡಿಯುವವನು ಪ್ಯಾರಾಸಿಟಮಾಲನ್ನು ಪ್ರಮಾಣ ಮೀರಿ ನುಂಗಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ತಲೆಗೆ ಪೆಟ್ಟಾದವರು ಇನ್ನೊಂದು ವಿಷಯ ನೆನಪಿಡಬೇಕು. ಬಹುಕಾಲ ಕುಡಿದವರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ, ಪೆಟ್ಟು ಬಿದ್ದ ಕೆಲವು ವಾರಗಳ ನಂತರ ತಲೆನೋವು, ಮಂಪರು, ನಡಿಗೆಯಲ್ಲಿ ತೂರಾಟ ಕಾಣಿಸಿಕೊಳ್ಳಬಹುದು. 'ಕುಡಿದಿದ್ದಾನೆ, ಮಲಗಲಿ ಬಿಡಿ' ಎಂದು ಮನೆಯವರು ಸುಮ್ಮನಾದರೆ ಜೀವವೇ ಹೋದೀತು. ಇಂತಹ ಲಕ್ಷಣ ಕಂಡೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾತೆಂಬ ಚಿಕಿತ್ಸೆ

ಅಮೆರಿಕದ ಸಿಯಾಟಲ್ ನಗರದ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಡಾ. ಲ್ಯಾರಿ ಜೆಂಟಿಲೆಲ್ಲೋ ಎಂಬ ಶಸ್ತ್ರವೈದ್ಯರೂ ಅವರ ಸಂಗಡಿಗರೂ ನಡೆಸಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಗಾಯಗೊಂಡು ದಾಖಲಾದವರಲ್ಲಿ ಕುಡಿತದ ಸಮಸ್ಯೆಯಿದ್ದ 762 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೊಂದು ಗುಂಪಿನವರೊಂದಿಗೆ ಮನಶ್ಶಾಸ್ತ್ರಜ್ಞರು ಒಮ್ಮೆ ಸುಮಾರು ಅರ್ಧ ಗಂಟೆ ಕುಳಿತು ಮಾತನಾಡಿದರು; ಒಂದು ತಿಂಗಳ ಬಳಿಕ ಆ ಮಾತುಗಳನ್ನು ನೆನಪಿಸುವ ಒಂದು ಪತ್ರ ಕಳುಹಿಸಿದರು. ಒಂದು ವರ್ಷದ ನಂತರ ನೋಡಿದಾಗ ಮಾತನಾಡಿಸಿಕೊಂಡವರು ತಮ್ಮ ಕುಡಿತವನ್ನು ವಾರಕ್ಕೆ ಸುಮಾರು 22 'ಡ್ರಿಂಕ್'ನಷ್ಟು ತಗ್ಗಿಸಿದ್ದರು, ಉಳಿದವರು ಸುಮಾರು 7 'ಡ್ರಿಂಕ್'ನಷ್ಟು ಮಾತ್ರ. ಮತ್ತೆ ಗಾಯಗೊಂಡು ಆಸ್ಪತ್ರೆಗೆ ಬರುವ ಪ್ರಸಂಗಗಳೂ ಮಾತನಾಡಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇಳಿದಿದ್ದವು. ಕುಡಿತವು ಆರಂಭ ಅಥವಾ ಮಧ್ಯಮ ಹಂತದಲ್ಲಿದ್ದವರಿಗೇ ಇದರ ಪ್ರಯೋಜನ ಹೆಚ್ಚಾಗಿತ್ತು. ಕುಡಿತಕ್ಕೆ ಪೂರ್ಣ ಅಡಿಯಾಳಾದವರಿಗೆ ಒಂದು ಮಾತುಕತೆ ಸಾಲದು, ದೀರ್ಘ ಚಿಕಿತ್ಸೆ ಬೇಕಾಗುತ್ತದೆ.

ಅರ್ಧ ಗಂಟೆಯ ಮಾತಿಗೆ ಇಷ್ಟು ಬಲ ಎಲ್ಲಿಂದ ಬಂತು? ಗಾಯವಾದ ದಿನಗಳಲ್ಲಿ ಮನುಷ್ಯನ ಮನಸ್ಸು ಮೃದುವಾಗಿರುತ್ತದೆ. ಸಾವನ್ನು ಹತ್ತಿರದಿಂದ ಕಂಡಿರುತ್ತಾನೆ. ಹೆಂಡತಿಯ ಕಣ್ಣೀರು, ತಾಯಿಯ ಸಂಕಟ, ಸಾಲದ ಲೆಕ್ಕ ಎಲ್ಲವೂ ಕಣ್ಣ ಮುಂದಿರುತ್ತವೆ. ಹದವಾದ ನೆಲದಲ್ಲಿ ಬಿತ್ತಿದ ಬೀಜದಂತೆ ಆಗ ಆಡಿದ ಮಾತು ಬೇರೂರುತ್ತದೆ. ತಿಂಗಳೊಪ್ಪತ್ತು ಕಳೆದರೆ ಹದ ಆರಿಹೋಗುತ್ತದೆ.

ಆದರೆ ಮಾತಿಗೂ ಒಂದು ರೀತಿಯಿದೆ. ನಿಂದಿಸಬಾರದು, ಗಾಯಕ್ಕೂ ಕುಡಿತಕ್ಕೂ ಇರುವ ಸಂಬಂಧವನ್ನು ಅವನ ಬಾಯಿಂದಲೇ ಹೊರಡಿಸಬೇಕು. ನಿರ್ಧಾರ ಅವನದೇ ಎಂದು ಒಪ್ಪಬೇಕು. ಕೇಳಿದರೆ ಸ್ಪಷ್ಟ ಸಲಹೆ ಕೊಡಬೇಕು. ಒಂದಲ್ಲ, ಎರಡು ಮೂರು ದಾರಿಗಳನ್ನು ಮುಂದಿಡಬೇಕು. 'ನಿನ್ನಿಂದ ಆಗುತ್ತದೆ' ಎಂಬ ಭರವಸೆ ತುಂಬಬೇಕು. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ ಗೌಂಡಿಯೊಬ್ಬನೊಂದಿಗೆ ನಡೆಯುವ ಇಂತಹ ಮಾತುಕತೆ ಸುಮಾರಾಗಿ ಹೀಗಿರುತ್ತದೆ:

"ತಮ್ಮಾ, ನಿನ್ನ ಕುಡಿತದ ಬಗ್ಗೆ ಒಂದೆರಡು ಮಾತು ಕೇಳಲೇನು? ಬೈಯಾಕ ಅಲ್ಲ."

"ಕೇಳ್ರಿ ಡಾಕ್ಟರ್."

"ವಾರದಾಗ ಎಷ್ಟು ದಿನ ಆಗ್ತದ?"

"ನಾಕೈದು ದಿನ ಆಗ್ತದ್ರಿ. ದುಡಿದು ಬಂದಾಗ ಮೈ ನೋವಿರ್ತದಲ್ರಿ. ಒಂದು ಕ್ವಾರ್ಟರ್ ಅಷ್ಟ."

"ಕುಡಿದ್ರ ನಿನಗ ಏನು ಚಲೋ ಅನಸ್ತದ?"

"ನಿದ್ದಿ ಬರ್ತದ್ರಿ."

"ಮತ್ತ ಅದರಿಂದ ಕೆಟ್ಟದ್ದು ಏನಾಗೇದ?"

"ಕಾಲು ನೋಡ್ರಲ್ಲ. ಮಗಳ ಸಾಲಿ ಫೀ ತುಂಬಾಕ ಇಟ್ಟ ರೊಕ್ಕ ದವಾಖಾನಿಗೆ ಹೋತು."

"ಕಡಿಮಿ ಮಾಡಬೇಕು ಅನ್ನೋ ಮನಸ್ಸು ಹತ್ತರೊಳಗ ಎಷ್ಟದ?"

"ಐದು ಅನ್ರಿ."

"ಎರಡು ಯಾಕ ಅನ್ಲಿಲ್ಲ, ಐದು ಯಾಕ ಅಂದಿ?"

"ಮಗಳು ನೋಡಾಕತ್ತಾಳ್ರಿ. ದೊಡ್ಡಾಕಿ ಆಗ್ಯಾಳ."

ಇಲ್ಲಿ ವೈದ್ಯರು ಕಾರಣ ಹೇಳಲಿಲ್ಲ, ರೋಗಿಯೇ ಹೇಳಿದ. ತನ್ನ ಬಾಯಿಂದ ಹೊರಟ ಕಾರಣಕ್ಕೆ ಮನುಷ್ಯ ಕಟ್ಟುಬೀಳುತ್ತಾನೆ. ಇದೇ ಮಾತನ್ನು 'ಮಗಳ ಮುಖ ನೋಡಿಯಾದರೂ ಬಿಡಬಾರದೇ?' ಎಂದು ಬೇರೆಯವರು ಹೇಳಿದ್ದರೆ ಆತ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದ.

ಈ ಸೂಕ್ಷ್ಮವನ್ನು ನಮ್ಮ ಪರಂಪರೆಯ ಹಿರಿಯರು ಬಲ್ಲವರಾಗಿದ್ದರು. ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನವರನ್ನೂ ಶರಣಸಮೂಹ ತನ್ನವರೆಂದು ಅಪ್ಪಿಕೊಂಡಿತು. ನಮ್ಮ ಕಾಲದಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿ, ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ 'ವ್ಯಸನಮುಕ್ತ ದಿನ'ವಾಗಿ ಆಚರಣೆಯಲ್ಲಿದೆ. ಜೋಳಿಗೆಯ ಮರ್ಮವನ್ನು ಗಮನಿಸಬೇಕು. ಭಿಕ್ಷೆಯನ್ನು ಕೊಡುವವನು ತಾನೇ ಕೈಯೆತ್ತಿ ಹಾಕಬೇಕು. ಅವನ ಕೈಯಿಂದ ಕಿತ್ತು ಹಾಕಿದರೆ ಅದು ಭಿಕ್ಷೆಯಾಗದು.

ಮನೆಗೆ ಬಂದ ಮೇಲೆ

ಆಸ್ಪತ್ರೆಯಲ್ಲಿ ಕುಡಿತ ನಿಂತಿರುವುದು ಸಹಜ, ಅಲ್ಲಿ ಸಿಗುವುದಿಲ್ಲ. ನಿಜವಾದ ಪರೀಕ್ಷೆ ಮನೆಯಲ್ಲಿ. ಮೊದಲ ಆರೆಂಟು ವಾರ ದುಡಿಮೆಯಿಲ್ಲ, ಬೇಸರ, ನೋವು, ನಿದ್ರೆ ಬಾರದು, ಮಾತನಾಡಿಸಲು ಬಂದ ಗೆಳೆಯನ ಚೀಲದಲ್ಲಿ ಬಾಟಲಿ. ಈ ಅವಧಿಗೆ ಮೊದಲೇ ಒಂದು ಯೋಜನೆ ಬೇಕು.

ಗಾಯ ಮಾಗುವವರೆಗೆ ಹಾಗೂ ಔಷಧ ಸೇವಿಸುವಷ್ಟು ಕಾಲ ಪೂರ್ಣ ವರ್ಜನೆಯೇ ಸರಿ. ಆಸ್ಪತ್ರೆಯಲ್ಲಿ ಬಿಡುಗಡೆಯ ಚೀಟಿಯನ್ನು ಪಡೆಯುವಾಗಲೇ ಕುಡಿತದ ಬಗ್ಗೆ ಮುಂದಿನ ಭೇಟಿ ಯಾವಾಗ, ಯಾರಲ್ಲಿ ಎಂದು ಕೇಳಿ ಬರೆಸಿಕೊಳ್ಳಬೇಕು. ಹೊಲಿಗೆ ಬಿಚ್ಚಿಸಲು, ಎಕ್ಸ್‌ರೇ ತೆಗೆಸಲು ಹೋದಾಗಲೆಲ್ಲ ಆ ವಿಷಯವನ್ನೂ ವೈದ್ಯರ ಮುಂದೆ ಎತ್ತಬೇಕು.

ಕುಡಿಯುವ ಬಯಕೆ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಹೆಚ್ಚಾಗಿ ದೀಪ ಹಚ್ಚುವ ವೇಳೆಗೆ. ಅದು ತೆರೆಯಂತೆ ಏರಿ ಸುಮಾರು ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆಯನ್ನು ದಾಟಿಸುವ ಉಪಾಯ ಮೊದಲೇ ಸಿದ್ಧವಿರಲಿ. ಸಂಜೆ ಆರೂವರೆಗೇ ಹೊಟ್ಟೆ ತುಂಬ ಊಟ ಮಾಡುವುದು, ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವುದು, ಮಕ್ಕಳ ಪಾಠ ನೋಡುವುದು, ನಂಬಿಕೆಯ ಒಬ್ಬರಿಗೆ ಫೋನು ಮಾಡುವುದು ಇವುಗಳಲ್ಲಿ ಯಾವುದು ಒಗ್ಗುತ್ತದೋ ಅದು. ಹಸಿದ ಹೊಟ್ಟೆ, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ಬಯಕೆಯನ್ನು ಹೆಚ್ಚಿಸುತ್ತವೆ. ಬಾಟಲಿ ತರುವ ಗೆಳೆಯನಿಗೆ ಹೇಳಬೇಕಾದ ಮಾತನ್ನೂ ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು: 'ಗುಳಿಗಿ ನಡದಾವ, ಡಾಕ್ಟರ್ ಬ್ಯಾಡ ಅಂದಾರ.' ಇಷ್ಟು ಸಾಕು, ವಾದ ಬೇಡ.

ಗಾಯ ಮಾಸಿದ ಮೇಲೂ ಪೂರ್ಣ ಬಿಡುವುದೇ ಶ್ರೇಷ್ಠ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೆ ಒಮ್ಮೆಲೇ ಅಷ್ಟಕ್ಕೆ ಮನಸ್ಸಾಗದವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸಬಾರದು. ಅಹಿತವಾದ ಅಭ್ಯಾಸವನ್ನು ಕಾಲುಭಾಗ ಕಾಲುಭಾಗವಾಗಿ ಬಿಟ್ಟು, ಆ ಜಾಗದಲ್ಲಿ ಹಿತವಾದುದನ್ನು ಕ್ರಮವಾಗಿ ರೂಢಿಸಿಕೊಳ್ಳಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಹೇಳುತ್ತದೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಅಡಿಯಾಳಾಗುವ ಹಂತ ಮುಟ್ಟದವರಿಗೆ ಇದು ಉಪಯುಕ್ತ. ವಾರದಲ್ಲಿ ಇಷ್ಟು ದಿನ ಮುಟ್ಟುವುದಿಲ್ಲ, ಕುಡಿದ ದಿನ ವಾಹನ ಮುಟ್ಟುವುದಿಲ್ಲ, ನೈಂಟಿಯನ್ನು ದಾಟುವುದಿಲ್ಲ ಎಂಬಂತಹ ಅಳೆಯಬಹುದಾದ ಗುರಿಯನ್ನು ಇಟ್ಟುಕೊಂಡು, ಕ್ಯಾಲೆಂಡರಿನ ಮೇಲೆ ಗುರುತು ಮಾಡುತ್ತ, ವಾರ ವಾರಕ್ಕೆ ಇನ್ನಷ್ಟು ಇಳಿಸುತ್ತ ಹೋಗಬೇಕು.

ಚರಕಾಚಾರ್ಯರ ಇನ್ನೊಂದು ಎಚ್ಚರಿಕೆ ಆಸ್ಪತ್ರೆಯಿಂದ ಬಂದವರಿಗಾಗಿಯೇ ಬರೆದಂತಿದೆ. ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯ, ಅಂದರೆ ಮದ್ಯಜನ್ಯ ರೋಗಗಳನ್ನು ಕುರಿತದ್ದು. ಕುಡಿತವನ್ನು ನಿಲ್ಲಿಸಿದ್ದವನು ಹಠಾತ್ತನೆ ಮತ್ತೆ ಅತಿಯಾಗಿ ಕುಡಿದರೆ ಧ್ವಂಸಕ, ವಿಕ್ಷಯ ಎಂಬ ಎರಡು ಕಠಿಣ ವ್ಯಾಧಿಗಳು ಬರುತ್ತವೆಂದು ಅಲ್ಲಿ ಹೇಳಿದೆ. ಮೂರು ವಾರ ಕುಡಿಯದಿದ್ದ ದೇಹ ಹಿಂದಿನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಹಳೆಯ ಅಳತೆಯಲ್ಲೇ ಕುಡಿದರೆ ಅಮಲು ಇಮ್ಮಡಿಯಾಗಿ ಏರಿ ಎರಡನೆಯ ಅಪಘಾತ ನಡೆಯುತ್ತದೆ. ಒಂದು ದಿನ ಜಾರಿದರೂ ಅಲ್ಲಿಗೇ ನಿಲ್ಲಿಸಬೇಕು. 'ಹೇಗೂ ಕೆಟ್ಟಿತು' ಎಂದು ಪೂರ್ಣ ಕೈಚೆಲ್ಲಬಾರದು. ನಡೆಯಲು ಕಲಿಯುವ ಕೂಸು ಒಮ್ಮೆ ಬಿದ್ದರೆ ನಡಿಗೆಯನ್ನೇ ಬಿಡುವುದಿಲ್ಲವಷ್ಟೆ.

ಆಹಾರದಲ್ಲಿ ಹಾಲು, ತುಪ್ಪ, ಹೆಸರುಬೇಳೆಯ ತೊವ್ವೆ, ರಾಗಿ ಅಂಬಲಿ, ಹಸಿರು ಸೊಪ್ಪುಗಳಿರಲಿ. ನೆನೆಸಿದ ಖರ್ಜೂರ, ಒಣದ್ರಾಕ್ಷಿ, ದಾಳಿಂಬೆ, ನೆಲ್ಲಿಕಾಯಿಗಳನ್ನು ಕಿವಿಚಿ ಮಾಡಿದ ಪಾನಕವನ್ನು ಸಂಜೆಯ ವೇಳೆ ಕೊಡಬಹುದು. ಮಧುಮೇಹವಿದ್ದವರು ವೈದ್ಯರನ್ನು ಕೇಳಿ ಸೇವಿಸಲಿ. ಇವು ಪೋಷಣೆಗೆ ಸಹಾಯಕ. ಕುಡಿತವನ್ನು ಬಿಡಿಸುವ ಮದ್ದೆಂದು ಭ್ರಮಿಸಬಾರದು.

ಮನೆಯವರು ಮಾಡಬಾರದ ಕೆಲಸಗಳು

ಮೊದಲನೆಯದು, ಗುಟ್ಟಿನ ಔಷಧ. 'ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಕುಡಿತ ತಾನೇ ಬಿಡುತ್ತಾನೆ' ಎಂಬ ಜಾಹೀರಾತುಗಳನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ನೋಡಿರುತ್ತೀರಿ. ಅಂತಹ ಪುಡಿಯಲ್ಲಿ ಏನಿದೆಯೆಂದು ಹೇಳಬಲ್ಲವರಿಲ್ಲ. ಮದ್ಯದೊಂದಿಗೆ ಸೇರಿದಾಗ ತೀವ್ರ ಪ್ರತಿಕ್ರಿಯೆ ಉಂಟುಮಾಡುವ ಡೈಸಲ್ಫಿರಾಮ್ ಎಂಬ ಔಷಧವಿದೆ. ಅದನ್ನು ತಜ್ಞರು ರೋಗಿಗೆ ತಿಳಿಸಿ, ಒಪ್ಪಿಸಿ, ಹೃದಯ ಮತ್ತು ಯಕೃತ್ತನ್ನು ಪರೀಕ್ಷಿಸಿಯೇ ಕೊಡುತ್ತಾರೆ. ತಿಳಿಸದೆ ಬೆರೆಸಿ, ಆತ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಸಾಯಲೂಬಹುದು.

ಎರಡನೆಯದು, ಅರಿಷ್ಟ ಆಸವಗಳು. ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂತಹವು ಉತ್ತಮ ಔಷಧಗಳೇ. ಆದರೆ ಅವು ಹುದುಗಿಸಿ ತಯಾರಾದುವು, ಅವುಗಳಲ್ಲಿ ಸ್ವಯಂಜನ್ಯ ಮದ್ಯಸಾರವಿರುತ್ತದೆ. ಕುಡಿತ ಬಿಡುತ್ತಿರುವವನಿಗೆ 'ಶಕ್ತಿಗೆ ಟಾನಿಕ್' ಎಂದು ಇವನ್ನು ತಂದು ಕೊಡಬೇಡಿ. ಅವನಿಗೆ ಚೂರ್ಣ, ಕಷಾಯ, ಲೇಹ್ಯದ ರೂಪದಲ್ಲಿ ಕೊಡುವಂತೆ ನಿಮ್ಮ ಆಯುರ್ವೇದ ವೈದ್ಯರನ್ನು ಕೇಳಿ.

ಮೂರನೆಯದು, ಬಲವಂತದ ಆಣೆ. ಗದ್ದುಗೆಯ ಮುಂದೆ ಸ್ವಇಚ್ಛೆಯಿಂದ ಮಾಡಿದ ಸಂಕಲ್ಪ ದೊಡ್ಡ ಬಲ. ನಾಲ್ಕು ಜನ ಹಿಡಿದು ತಂದು ಮಾಡಿಸಿದ ಆಣೆ ಅಲ್ಪಾಯುಷಿ. ಅದು ಮುರಿದಾಗ ಆತ ನಾಚಿಕೆಯಿಂದ ಮಠಕ್ಕೂ ಬರುವುದಿಲ್ಲ, ವೈದ್ಯರ ಬಳಿಗೂ ಹೋಗುವುದಿಲ್ಲ, ಕದ್ದು ಕುಡಿಯತೊಡಗುತ್ತಾನೆ. ಸಂಕಲ್ಪದ ಜೊತೆಗೆ ಚಿಕಿತ್ಸೆಯೂ ಇರಲಿ. ಸಂಕಲ್ಪ ಮುರಿದವನಿಗೆ ಮರಳಿ ಬರುವ ದಾರಿಯೂ ತೆರೆದಿರಲಿ.

ನಾಲ್ಕನೆಯದು, ಹಳೆಯದನ್ನು ಕೆದಕುವುದು. ಬಂದ ನೆಂಟರ ಮುಂದೆಲ್ಲ ಅವನ ಕುಡಿತದ ಕಥೆ ಹೇಳಿದರೆ ಅವನಲ್ಲಿ ಉಳಿದ ಸ್ವಾಭಿಮಾನವೂ ಹೋಗುತ್ತದೆ. ಅದರ ಬದಲು ಕುಡಿಯದೆ ಕಳೆದ ಒಂದು ವಾರವನ್ನು ಗುರುತಿಸಿ ಒಂದು ಒಳ್ಳೆಯ ಮಾತಾಡಿ. ಆದರೆ ಅವನ ಪರವಾಗಿ ಸುಳ್ಳು ಹೇಳುವುದು, ಕುಡಿತಕ್ಕೆ ಸಾಲ ತಂದು ಕೊಡುವುದು ಪ್ರೀತಿಯಲ್ಲ. ಕುಡಿದು ಹೊಡೆಯುವವನಿಂದ ಹೆಂಡತಿ ಮಕ್ಕಳ ರಕ್ಷಣೆ ಎಲ್ಲಕ್ಕಿಂತ ಮೊದಲು. ಅದಕ್ಕೆ ಹಿರಿಯರ, ಅಗತ್ಯವಿದ್ದರೆ ಕಾನೂನಿನ ನೆರವು ಪಡೆಯಲು ಹಿಂಜರಿಯಬಾರದು.

ನೆರವು ಎಲ್ಲಿದೆ?

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಕುಡಿತ ಬಿಟ್ಟವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ 'ಆಲ್ಕೋಹಾಲಿಕ್ಸ್ ಅನಾನಿಮಸ್' ಸಭೆಗಳು ನಮ್ಮ ಅನೇಕ ಪಟ್ಟಣಗಳಲ್ಲಿ ನಡೆಯುತ್ತವೆ. ಅಲ್ಲಿ ಶುಲ್ಕವಿಲ್ಲ, ಹೆಸರನ್ನು ಬಹಿರಂಗಪಡಿಸುವುದಿಲ್ಲ. ಸೆಳೆತ, ಬಡಬಡಿಕೆ, ರಕ್ತವಾಂತಿ, ತಲೆಗೆ ಪೆಟ್ಟಾದವರಲ್ಲಿ ಮಂಪರು ಕಂಡರೆ 108ಕ್ಕೆ ಕರೆ ಮಾಡಿ.

ಮೂಳೆ ಕೂಡಲು ಪ್ಲಾಸ್ಟರಿನ ಆಸರೆ ಬೇಕು. ಆ ಆಸರೆ ತುಂಬ ಬಿಗಿಯಾದರೆ ರಕ್ತ ಓಡದೆ ಕಾಲು ಕೊಳೆಯುತ್ತದೆ, ತುಂಬ ಸಡಿಲವಾದರೆ ಮೂಳೆ ಸೊಟ್ಟಾಗಿ ಕೂಡುತ್ತದೆ. ಕುಡಿತ ಬಿಡಲು ಹೊರಟವನಿಗೆ ಮನೆಯವರು ನೀಡುವ ಆಸರೆಯೂ ಹಾಗೆಯೇ ಹದವಾಗಿರಬೇಕು. ನಿಮ್ಮ ಓಣಿಯಲ್ಲಿ, ನಿಮ್ಮ ಬಳಗದಲ್ಲಿ ಇಂದು ಗಾಯಗೊಂಡು ಮಲಗಿದವರು ಯಾರಾದರೂ ಇದ್ದರೆ, ಈ ಸಲ ಹಣ್ಣಿನ ಜೊತೆಗೆ ಅರ್ಧ ಗಂಟೆಯ ವೇಳೆಯನ್ನೂ ಕೊಂಡೊಯ್ಯಿರಿ. ಉಳಿದವರು ಎದ್ದುಹೋಗುವವರೆಗೆ ಕಾದು, ಹತ್ತಿರ ಕುಳಿತು, ದನಿ ತಗ್ಗಿಸಿ ಕೇಳಿರಿ. ಆತ ಹೇಳುವುದನ್ನು ಪೂರ್ತಿ ಕೇಳಿರಿ.